ಫಿಂಚ್ ಮರಿಗಳನ್ನು ಮೂರು ತಿಂಗಳು ಅಪ್ಪನ ಜೊತೆ ಬಿಡಿ

ಮಾನ್ಯರೇ,

ಸುರತ್ಕಲ್‌ನಲ್ಲಿ ನನ್ನದೊಂದು ಸಣ್ಣ ಟೈಲರ್ ಅಂಗಡಿ. ಎರಡು ವರ್ಷದ ಹಿಂದೆ ಒಂದು ಹಕ್ಕಿ ಅಂಗಡಿಯಿಂದ ಎರಡು ಜೀಬ್ರಾ ಫಿಂಚ್ ಮರಿ ತಂದು ಕಿಟಕಿಗೆ ಪಂಜರ ಕಟ್ಟಿದೆ. ಕೊಕ್ಕು ಇನ್ನೂ ಕಪ್ಪಗಿತ್ತು. ತಿಂಗಳು ತುಂಬಿತ್ತೋ ಇಲ್ಲವೋ. "ಚಿಕ್ಕದಾದರೆ ಬೇಗ ಪಳಗ್ತದೆ" ಅಂದರು.

ಒಂದಕ್ಕೆ ಕೆನ್ನೆಯಲ್ಲಿ ಕೇಸರಿ ಬಣ್ಣ ಬಂತು, ಗಂಡು. ಅದರ ಹಾಡು ಮಾತ್ರ ಬಾಬಿನ್‌ನಲ್ಲಿ ನೂಲು ಸಿಕ್ಕಿದ ಮಿಷನ್ ಹಾಗೆ, ಬರೀ ಕರಕರ. ಇನ್ನೊಂದು ಹೆಣ್ಣು, ಹಾಡುವುದೇ ಇಲ್ಲ. ಹೋಗಿ ಕೇಳಿದರೆ, "ಹೆಣ್ಣು ಅಲ್ವಾ ಮಾರಾಯ್ರೆ, ಅದು ಎಂತ ಕಲಿಯುವುದು" ಎಂದು ನಕ್ಕರು.

ಮಗಳು ಕೊಣಾಜೆಯಲ್ಲಿ ಎಂಎಸ್ಸಿ ಓದುತ್ತಿದ್ದಾಳೆ. ಅವಳಿಂದ ತಿಳಿದದ್ದು ಇದು. ಗಂಡುಮರಿ ಹೆಚ್ಚಾಗಿ ಅಪ್ಪನ ಹಾಡನ್ನೇ ಕಲಿಯುತ್ತದೆ. ಮೊದಲು ಕೇಳಿ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ತೊದಲುತ್ತದೆ. ಸುಮಾರು 90 ದಿನಕ್ಕೆ ಹಾಡು ಗಟ್ಟಿಯಾಯಿತು ಅಂದರೆ ಮತ್ತೆ ಬದಲಾಗುವುದಿಲ್ಲ. ನನ್ನದಕ್ಕೆ ಕೇಳಲು ಅಪ್ಪನೇ ಇರಲಿಲ್ಲ.

ಹೆಣ್ಣಿನ ಮಿದುಳಲ್ಲಿ ಹಾಡಿನ ಭಾಗಗಳು ತೀರಾ ಚಿಕ್ಕವು. 1976ರಲ್ಲೇ ನಾಟೆಬೊಮ್ ಮತ್ತು ಆರ್ನಾಲ್ಡ್ ಎಂಬ ವಿಜ್ಞಾನಿಗಳು ಇದನ್ನು ತೋರಿಸಿದ್ದರು. ಆದರೆ ಆಗಷ್ಟೇ ಮೊಟ್ಟೆಯೊಡೆದ ಹೆಣ್ಣುಮರಿಗೆ ಈಸ್ಟ್ರೋಜನ್ ಕೊಟ್ಟರೆ ಆ ಭಾಗಗಳು ಗಂಡಿನ ಕಡೆಗೆ ವಾಲಿ ಬೆಳೆಯುತ್ತವೆ, ದೊಡ್ಡದಾದ ಮೇಲೆ ಹಾಡಲೂ ಬಹುದು. ನಾವು ಹೆಣ್ಣಿನ ಹಾರ್ಮೋನು ಅನ್ನುವ ಅದೇ ಈಸ್ಟ್ರೋಜನ್! ಅದು ಅಂಡಾಶಯದಲ್ಲಿ ಮಾತ್ರ ಆಗುವುದೂ ಅಲ್ಲ. ಗಂಡು, ಹೆಣ್ಣು ಎರಡರ ಮಿದುಳೂ ಅದನ್ನು ತಾನೇ ತಯಾರಿಸುತ್ತದೆ. ಬೆಳೆದ ಗಂಡಿಗೆ ಇನ್ನೊಂದರ ಹಾಡು ಕೇಳಿಸಿದರೆ, ಮಿದುಳಿನ ಕೇಳುವ ಭಾಗದಲ್ಲಿ ಅದು ನಿಮಿಷಗಳಲ್ಲೇ ಏರುತ್ತದೆ.

ಹಾಗಂತ ಎಲ್ಲವೂ ಹಾರ್ಮೋನಿನ ಆಟವಲ್ಲ. ಬಲಗಡೆ ಗಂಡು, ಎಡಗಡೆ ಹೆಣ್ಣು ಆಗಿದ್ದ ಒಂದು ಫಿಂಚ್ ಬಗ್ಗೆ 2003ರಲ್ಲಿ ವರದಿ ಬಂತು. ಎರಡೂ ಕಡೆ ಹರಿಯುತ್ತಿದ್ದದ್ದು ಒಂದೇ ರಕ್ತ, ಅದರಲ್ಲಿನ ಹಾರ್ಮೋನೂ ಒಂದೇ. ಆದರೂ ಗಂಡಿನ ಕಡೆ ಹಾಡಿನ ಭಾಗ ದೊಡ್ಡದಿತ್ತು. (ಒಂದೇ ಅಂಗಿಗೆ ಎರಡು ಅಳತೆಯ ತೋಳು ಹೊಲಿದ ಹಾಗೆ ಅಂತ ನಾನಂದೆ. ಮಗಳು ನಗಲಿಲ್ಲ.)

ಇನ್ನು ಹೆಣ್ಣು ಕಲಿಯುವುದಿಲ್ಲ ಅನ್ನುವುದು ಸುಳ್ಳು. ಮರಿಯಿದ್ದಾಗ ಕೇಳಿದ ಅಪ್ಪನ ಹಾಡನ್ನು ಅದು ದೊಡ್ಡದಾದ ಮೇಲೂ ಗುರುತಿಸುತ್ತದೆ. ಬಾಯಿ ಬಿಡುವುದಿಲ್ಲ, ಅಷ್ಟೇ. ಬೆಳಿಗ್ಗೆ ಹೊರಗೆ ಮಡಿವಾಳ ಹಕ್ಕಿ ಶುರುಮಾಡಿದರೆ ನನ್ನ ಹೆಣ್ಣು ನವಣೆ ಬಿಡಿಸುವುದನ್ನು ನಿಲ್ಲಿಸಿ, ಕತ್ತು ಓರೆ ಮಾಡಿ ಕೂರುತ್ತದೆ. ಗಂಡು ಆಗಲೂ ಸುಮ್ನೆ ಕರಕರ.

ಹಕ್ಕಿ ಮಾರುವವರು ಮರಿಗಳನ್ನು ಮೂರು ತಿಂಗಳಾದರೂ ಅಪ್ಪ ಅಮ್ಮನ ಜೊತೆ ಬಿಡಲಿ. ಜಾಸ್ತಿ ಬೀಳುವ ಕಾಳಿನ ಖರ್ಚನ್ನು ಬೇಕಾದರೆ ನಮ್ಮ ಬಿಲ್ಲಿಗೇ ಸೇರಿಸಲಿ.

ಒಬ್ಬ ಟೈಲರ್, ಸುರತ್ಕಲ್