‘ನಂಗೇನು ಬರುತ್ತೆ ಹೇಳಿ’

ಪ್ರಿಯ ಓದುಗರೇ,

ಸಂಘದ ಕೆಲಸಕ್ಕೆ ಕರೆದಾಗ ‘ಟೈಮ್ ಇಲ್ಲ’ ಅನ್ನುವವರು ಇದ್ದೇ ಇರುತ್ತಾರೆ. ಅವರಿಗಿಂತ ಜಾಸ್ತಿ ಜನ ಹೇಳುವುದು, ‘ಅಯ್ಯೋ, ನಂಗೇನು ಬರುತ್ತೆ ಹೇಳಿ’ ಅಂತ. ಸಂಕೋಚಕ್ಕೆ ಹಾಗಂತಾರೆ ಅಂದುಕೊಂಡಿದ್ದೆ. ಇಲ್ಲ, ಎಷ್ಟೋ ಜನ ಅದನ್ನು ನಿಜವಾಗಿಯೂ ನಂಬಿದ್ದಾರೆ.

ಅಂಥವರಿಗೆ ನಾನು ಜೇಮ್ಸ್ ಹ್ಯಾರಿಸನ್ ಕಥೆ ಹೇಳುತ್ತೇನೆ. ಆಸ್ಟ್ರೇಲಿಯಾದವರು. 14ನೇ ವಯಸ್ಸಿನಲ್ಲಿ ಎದೆಯ ದೊಡ್ಡ ಆಪರೇಷನ್ ಆಯಿತು. ಯಾರ್ಯಾರೋ ಕೊಟ್ಟ ರಕ್ತದಿಂದ ಹುಡುಗ ಉಳಿದ. ದೊಡ್ಡವನಾದ ಮೇಲೆ ನಾನೂ ಕೊಡ್ತೀನಿ ಅಂತ ಮಾತು ಕೊಟ್ಟ. 1954ರಲ್ಲಿ, 18 ತುಂಬಿದಾಗ, ಕೊಡಲು ಶುರು ಮಾಡಿದ. ತಮಾಷೆ ಏನಂದರೆ ಸೂಜಿ ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಚುಚ್ಚುವಾಗ ಒಂದು ಸಲವೂ ಆ ಕಡೆ ನೋಡಿದವರಲ್ಲ.

ವರ್ಷಗಳು ಕಳೆದ ಮೇಲೆ ವೈದ್ಯರಿಗೆ ಒಂದು ವಿಷಯ ಗೊತ್ತಾಯಿತು. ಅವರ ಪ್ಲಾಸ್ಮಾದಲ್ಲಿ, ಅಂದರೆ ರಕ್ತದ ದ್ರವಭಾಗದಲ್ಲಿ, ಆಂಟಿ-ಡಿ ಎಂಬ ಅಪರೂಪದ ಪ್ರತಿಕಾಯ ಇತ್ತು. ತಾಯಿಯ ರಕ್ತ ಆರ್‌ಎಚ್ ನೆಗೆಟಿವ್, ಮಗುವಿನದು ಪಾಸಿಟಿವ್ ಆದಾಗ ತಾಯಿಯ ದೇಹವೇ ಮಗುವಿನ ರಕ್ತಕಣಗಳ ಮೇಲೆ ತಿರುಗಿಬೀಳಬಹುದು. ಮೊದಲ ಬಸುರಿಗಿಂತ ಮುಂದಿನದಕ್ಕೆ ಅಪಾಯ ಜಾಸ್ತಿ. ಇಂಥ ಪ್ಲಾಸ್ಮಾದಿಂದ ತಯಾರಿಸುವ ಆಂಟಿ-ಡಿ ಚುಚ್ಚುಮದ್ದು ಅದನ್ನು ತಡೆಯುತ್ತದೆ. 2018ರಲ್ಲಿ, 81ನೇ ವಯಸ್ಸಿನಲ್ಲಿ, ವಯಸ್ಸಿನ ನಿಯಮದಿಂದಾಗಿ ನಿಲ್ಲಿಸುವ ಹೊತ್ತಿಗೆ ಅವರು 1173 ಸಲ ದಾನ ಮಾಡಿದ್ದರು. ಅದರಿಂದ ಉಳಿದ ಶಿಶುಗಳು 24 ಲಕ್ಷ ಎಂದು ಅಲ್ಲಿನ ರಕ್ತದಾನ ಸಂಸ್ಥೆಯ ಅಂದಾಜು. 2025ರ ಫೆಬ್ರವರಿಯಲ್ಲಿ, 88ನೇ ವಯಸ್ಸಿನಲ್ಲಿ ತೀರಿಕೊಂಡರು.

ದೊಡ್ಡ ಅಂಕಿಯನ್ನು ಪಕ್ಕಕ್ಕಿಡಿ. ಮೊದಲ ಸಲ ತೋಳು ಮುಂದೆ ಮಾಡಿದ ಆ ದಿನವನ್ನು ನೆನೆಯಿರಿ. ತನ್ನೊಳಗೆ ಏನಿದೆ ಅಂತ ಆ ಹುಡುಗನಿಗೆ ಗೊತ್ತೇ ಇರಲಿಲ್ಲ. ಸುಮ್ನೆ ಹಳೆಯ ಋಣ ತೀರಿಸಲು ಹೋಗಿದ್ದ. ಕನ್ನಡಿ ಮುಂದೆ ಕೂತು ಹುಡುಕಿದ್ದರೆ ಸಿಗುತ್ತಿತ್ತಾ? ‘ಒಳಗಿನ ಶಕ್ತಿಯನ್ನು ಎಬ್ಬಿಸಿ’ ಅನ್ನುವ ಭಾಷಣಗಳೆಂದರೆ ನನಗೆ ಅದಕ್ಕೇ ಅಷ್ಟಕ್ಕಷ್ಟೆ.

ನಮ್ಮ ಪತ್ರಿಕೆಯಲ್ಲೂ ಇಂಥದ್ದೊಂದು ನಡೆದಿದೆ. ಕಳೆದ ವರ್ಷ ಸದಸ್ಯರೊಬ್ಬರು ಹಳೆಯ ಸಂಚಿಕೆಯೊಂದನ್ನು ತಂದು ನನ್ನ ಕೈಗಿಟ್ಟರು. ‘ತಪ್ಪು ತಿಳ್ಕೋಬೇಡಿ’ ಅಂದರು. ಪುಟದ ತುಂಬಾ ಪೆನ್ಸಿಲ್ ಗುರುತು. ಬಿಟ್ಟುಹೋದ ಒತ್ತಕ್ಷರ, ದಿಕ್ಕು ತಪ್ಪಿದ ಮಹಾಪ್ರಾಣ, ಹಾರ್ದಿಕ ಶುಭಾಶಯದ ಜಾಗದಲ್ಲಿ ‘ಆರ್ಥಿಕ ಶುಭಾಶಯ’. ಅದೂ ನನ್ನದೇ ಬರಹದಲ್ಲಿ! ನನ್ನ ಮುಖ ಸಣ್ಣಗಾಯಿತು, ಸುಳ್ಳು ಯಾಕೆ ಹೇಳಲಿ.

‘ಪ್ರೂಫ್ ನೋಡಿ ಅಭ್ಯಾಸ ಇದೆಯಾ?’ ಅಂತ ಕೇಳಿದೆ.

‘ಇಲ್ಲ ಸಾರ್, ನಂಗೇನೂ ಬರಲ್ಲ. ತಪ್ಪು ಕಂಡ್ರೆ ಮುಂದಕ್ಕೆ ಓದಕ್ಕಾಗಲ್ಲ, ಅಷ್ಟೇ.’

ಅವತ್ತಿನಿಂದ ಪತ್ರಿಕೆಯ ಒಂದೊಂದು ಸಾಲೂ ಅವರ ಪೆನ್ಸಿಲ್ ದಾಟಿಯೇ ಬರುತ್ತದೆ. ಮಕ್ಕಳ ಬರಹಗಳನ್ನು ಅವರು ತಿದ್ದುವುದನ್ನು ನೋಡಬೇಕು. ಯಾವುದನ್ನೂ ಹೊಡೆದುಹಾಕುವುದಿಲ್ಲ. ಪಕ್ಕದಲ್ಲಿ ಸರಿಯಾದ ಪದವನ್ನು ಸಣ್ಣದಾಗಿ ಬರೆಯುತ್ತಾರೆ. ಹೋದ ಸಲ ಐದು ಸಾಲು ಬರೆದಿದ್ದ ಹುಡುಗಿಯೊಬ್ಬಳು ಈ ಸಲ ಎರಡು ಪುಟ ಕಳಿಸಿದ್ದಾಳೆ.

ಹಾಗಾಗಿ ಮುಂದಿನ ಕಾರ್ಯಕ್ರಮಕ್ಕೆ ‘ಪ್ರತಿಭಾವಂತರು ಬೇಕಾಗಿದ್ದಾರೆ’ ಅಂತ ನಾನು ಪ್ರಕಟಣೆ ಹಾಕುತ್ತಿಲ್ಲ. ಕುರ್ಚಿ ಜೋಡಿಸಲು ಒಂದು ಗಂಟೆ ಮುಂಚೆ ಬನ್ನಿ, ಸಾಕು.

ಅಂದಹಾಗೆ, ಈ ಸಂಪಾದಕೀಯವನ್ನೂ ಅವರಿಗೆ ಕೊಟ್ಟಿದ್ದೆ. ಮೊದಲ ಕರಡಿನಲ್ಲಿ ‘ಅಂತಃಶಕ್ತಿ’ ಅಂತ ಮೂರು ಕಡೆ ಬರೆದಿದ್ದೆ. ಮೂರರ ಕೆಳಗೂ ಗೆರೆ ಎಳೆದಿದ್ದರು. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ: ‘ಇದು ಬೇಕಾ ಸಾರ್?’

– ಸಂಪಾದಕ