ಶನಿವಾರ ಬಿಯರ್ ಹಬ್ಬಕ್ಕೆ ಹೊರಟವರ ಗಮನಕ್ಕೆ

ಗೆಳೆಯರೇ, ಶನಿವಾರ ಬೆಳಗಿನ ಜನಶತಾಬ್ದಿಗೆ ಶಿವಮೊಗ್ಗ ಟೌನ್ ಸ್ಟೇಷನ್ನಿನಲ್ಲಿ ಸೇರೋಣ. ಬೆಂಗಳೂರಿನಿಂದ ವಾಪಸ್ ರಾತ್ರಿ ತಾಳಗುಪ್ಪ ರೈಲಿಗೆ. ಕಾರು ತರುತ್ತೇನೆ ಅನ್ನುವವರು ದಯವಿಟ್ಟು ಬೇಡ, ಆ ಚರ್ಚೆ ಮುಗಿದಿದೆ. ಆಧಾರ್ ಇಟ್ಟುಕೊಳ್ಳಿ, ತಲೆ ನೆರೆತವರನ್ನೂ ಗೇಟಿನಲ್ಲಿ ವಯಸ್ಸು ಕೇಳುತ್ತಾರೆ.

ಹೋದ ಸಲ ನಾನು ಜಂಬದಿಂದ ಮೊದಲೇ ಐಪಿಎ (ಇಂಡಿಯಾ ಪೇಲ್ ಏಲ್) ಅನ್ನೋ ಕಹಿ ಬಿಯರಿಗೆ ಕೈ ಹಾಕಿದೆ. ಅದಕ್ಕೆ ಹಾಕುವ ಹಾಪ್ಸ್ ಹೂವಿನ ಕಹಿ ನಾಲಿಗೆ ಮೇಲೆ ಕೂತುಬಿಟ್ಟಿತು. ಆಮೇಲೆ ಕುಡಿದ ಗೋಧಿ ಬಿಯರ್ ಸುಮ್ನೆ ನೀರಿನ ಹಾಗಿತ್ತು. ಅದಕ್ಕೇ ಗೋಧಿಯದು ಮೊದಲು. ಜರ್ಮನ್ ಶೈಲಿಯದಾದರೆ ಗ್ಲಾಸನ್ನು ಮೂಗಿನ ಹತ್ತಿರ ತನ್ನಿ. ಕಳಿತ ಬಾಳೆಹಣ್ಣು, ಲವಂಗದ ವಾಸನೆ ಬರುತ್ತದೆ. ಅದರಲ್ಲಿ ಹಣ್ಣೂ ಇರಲ್ಲ, ಲವಂಗವೂ ಇರಲ್ಲ, ಎಲ್ಲ ಯೀಸ್ಟ್ ಕೆಲಸ. ಐಪಿಎ, ಸ್ಟೌಟ್ ಕೊನೆಗೆ. ಸ್ಟೌಟಿನ ಕಪ್ಪು ಬಣ್ಣ ಚೆನ್ನಾಗಿ ಹುರಿದ ಬಾರ್ಲಿಯಿಂದ ಬಂದದ್ದು, ಕಾಫಿ ತೋಟದವರಿಗೆ ಹಿಡಿಸಬಹುದು.

ಅಮೆರಿಕದಲ್ಲಿ 1982ರಲ್ಲಿ ಶುರುವಾದ ಗ್ರೇಟ್ ಅಮೆರಿಕನ್ ಬಿಯರ್ ಫೆಸ್ಟಿವಲ್ಲಿಗೆ ಜನ ಪ್ರೆಟ್ಜೆಲ್ ಅನ್ನೋ ಉಪ್ಪು ತಿಂಡಿ ಪೋಣಿಸಿದ ಹಾರ ಹಾಕಿಕೊಂಡು ಹೋಗುತ್ತಾರೆ. ಗುಟುಕು ಗುಟುಕಿನ ನಡುವೆ ಒಂದೊಂದು ಮುರಿದು ತಿನ್ನುವುದು. ನಮಗೆ ಕೋಡುಬಳೆ ಇದೆ ಅಲ್ವಾ? ಹುರಿಯಲ್ಲಿ ಪೋಣಿಸಿ ನಾನೇ ತರುತ್ತೇನೆ. ಕೊರಳಿಗೆ ಹಾಕಿಕೊಳ್ಳಲು ನಾಚಿಕೆಯಾದವರು ಕೈಗೆ ಸುತ್ತಿಕೊಳ್ಳಿ. ಗೇಟಿನಲ್ಲಿ ಬಿಡದಿದ್ದರೆ ಅಲ್ಲೇ ನಿಂತು ಖಾಲಿ ಮಾಡೋಣ.

ಎರಡು ಗ್ಲಾಸಿನ ನಡುವೆ ನೀರು ಕುಡಿಯಿರಿ. ರಾತ್ರಿ 9ಕ್ಕೆ ಎಲ್ಲರೂ ಹೊರಗಿರಬೇಕು. ಹೋದ ಸಲ ನಮ್ಮಲ್ಲೊಬ್ಬರು ನಿದ್ದೆಯಲ್ಲೇ ಸಾಗರದವರೆಗೆ ಹೋಗಿದ್ದರು. ಈ ಸಲ ಅಲಾರಂ ಇಡುವ ಜವಾಬ್ದಾರಿ ಅವರದ್ದೇ.