ಥಿನ್ನರ್‌ನಲ್ಲಿ ಕೈ ತೊಳೆಯಬೇಡಿ

ಮಾನ್ಯ ಸಂಪಾದಕರೇ,

ಪೇಂಟ್ ಕೆಲಸ ಮುಗಿದ ಮೇಲೆ ಥಿನ್ನರ್‌ನಲ್ಲೇ ಕೈ ತೊಳೆಯುವುದು ಎಲ್ಲ ಕಡೆ ಮಾಮೂಲಿ. ಬಟ್ಟೆ ಅದ್ದಿ ಮೊಣಕೈವರೆಗೂ ತಿಕ್ಕಿ, ಹಾಗೇ ಒಣಗಲು ಬಿಡುತ್ತಾರೆ. ವಾಸನೆಗೆ ಹೆದರಿ ಮಾಸ್ಕ್ ಹಾಕುವವರೂ ಬರಿಗೈಯಲ್ಲೇ ಡಬ್ಬಕ್ಕೆ ಕೈ ಹಾಕುತ್ತಾರೆ. ಮೂಗಿನ ಬಗ್ಗೆ ಇರುವ ಎಚ್ಚರ ಚರ್ಮದ ಬಗ್ಗೆ ಯಾಕಿಲ್ಲ?

ನಮ್ಮ ಚರ್ಮ ಹೊರಗಿನದನ್ನು ತಡೆಯುವುದೇ ಮೇಲ್ಪದರದಲ್ಲಿರುವ ಕೊಬ್ಬಿನಿಂದ. ಥಿನ್ನರ್ ಕರಗಿಸುವುದೂ ಆ ಕೊಬ್ಬನ್ನೇ. ತೊಳೆದ ಮೇಲೆ ಕೈ ಬೆಳ್ಳಗಾಗಿ ಒರಟಾಗುತ್ತದಲ್ವಾ, ಅದು ಇದರದೇ ಗುರುತು. ದಿನಾ ಹೀಗೇ ಮಾಡಿದರೆ ಚರ್ಮ ಬಿರಿಯುತ್ತದೆ, ಬಿರಿದ ಜಾಗದಿಂದ ಒಳಗೆ ಇಳಿಯುವುದು ಇನ್ನೂ ಜಾಸ್ತಿ.

ಥಿನ್ನರ್‌ನಂತೆ ಬೇರೆ ವಸ್ತುಗಳನ್ನು ಕರಗಿಸುವ ದ್ರವಗಳು, ಅಂದರೆ ದ್ರಾವಕಗಳು, ಎಲ್ಲವೂ ಒಂದೇ ತರ ಅಲ್ಲ. ಮೆಥನಾಲ್ ಚರ್ಮದ ಮೂಲಕ ಸಾಕಷ್ಟು ಒಳಗೆ ಹೋದರೆ ಕಣ್ಣಿನ ನರಕ್ಕೇ ಪೆಟ್ಟು. 2-ಮೆಥಾಕ್ಸಿ ಎಥನಾಲ್‌ನಿಂದ ವೀರ್ಯಾಣು ಕಡಿಮೆಯಾಗುತ್ತದೆ, ಗರ್ಭದಲ್ಲಿರುವ ಮಗುವಿಗೂ ಅಪಾಯ. ನನಗೆ ಜಾಸ್ತಿ ಭಯ ಹುಟ್ಟಿಸುವುದು ಕೃತಕ ಲೆದರ್ ಕಾರ್ಖಾನೆಗಳಲ್ಲಿ ಬಳಸುವ ಡೈಮೀಥೈಲ್ ಫಾರ್ಮಮೈಡ್. ಇದು ಚರ್ಮದಿಂದ ಸುಲಭವಾಗಿ ಒಳಗೆ ಹೋಗಿ ಲಿವರ್ ಕೆಡಿಸುತ್ತದೆ. ಇದರ ಜೊತೆ ಕೆಲಸ ಮಾಡಿದವರು ಸಂಜೆ ಸ್ವಲ್ಪ ಕುಡಿದರೂ ಮುಖವೆಲ್ಲ ಕೆಂಪಾಗಿ ಎದೆ ಡವಡವ ಅನ್ನಬಹುದು. ಲಿವರ್ ಹಾಳಾಗಿದೆ ಅಂದರೆ ಎಲ್ಲರೂ ಕುಡಿತವನ್ನೇ ದೂರುತ್ತಾರೆ, ಏನು ಕೆಲಸ ಮಾಡ್ತೀರಿ ಅಂತ ಕೇಳುವುದೇ ಇಲ್ಲ. ದಯವಿಟ್ಟು ಡಾಕ್ಟರುಗಳು ಇದನ್ನು ಕೇಳಬೇಕು. ಮೂತ್ರ ಪರೀಕ್ಷೆಯಲ್ಲೂ ಈ ದ್ರಾವಕದ ಸುಳಿವು ಸಿಗುತ್ತದೆ.

ಇನ್ನು ಗ್ಲೌಸ್ ವಿಷಯ. ಸುಮ್ನೆ ಯಾವುದೋ ಒಂದನ್ನು ಹಾಕಿಕೊಂಡರೆ ಆಗಲ್ಲ. ಪೇಂಟ್ ಕೀಳಲು ಬಳಸುವ ಡೈಕ್ಲೋರೋಮೀಥೇನ್ ತೆಳು ನೈಟ್ರೈಲ್ (ಒಂದು ಬಗೆಯ ಕೃತಕ ರಬ್ಬರ್) ಗ್ಲೌಸನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ತೂತು ಬಿದ್ದಿರುವುದಿಲ್ಲ, ಕಣ್ಣಿಗೂ ಕಾಣುವುದಿಲ್ಲ, ಆದರೆ ಒಳಗೆ ಸಿಕ್ಕಿಕೊಂಡದ್ದು ಆವಿಯಾಗಿ ಹೋಗಲೂ ಆಗದೆ ಚರ್ಮಕ್ಕೇ ಅಂಟಿ ಕೂರುತ್ತದೆ. ಅಸಿಟೋನ್‌ಗೆ ಬ್ಯೂಟೈಲ್ ರಬ್ಬರ್ ಗ್ಲೌಸ್ ಸರಿ, ಟೊಲುಯಿನ್‌ಗೆ ಅದು ಸಾಲದು. ಇಂಥ ವಿವರ, ರಾಸಾಯನಿಕದ ಅಪಾಯ ಮತ್ತು ಎಚ್ಚರಿಕೆಗಳನ್ನು ತಿಳಿಸಲು ತಯಾರಕರು ಕೊಡುವ ಸುರಕ್ಷತಾ ಮಾಹಿತಿ ಪತ್ರದ 8ನೇ ಭಾಗದಲ್ಲಿ ಇರಬೇಕು. ಆ ಪತ್ರ ಆಫೀಸಿನ ಫೈಲಿನಲ್ಲಿದ್ದರೆ ಡಬ್ಬ ಹಿಡಿದು ಕೆಲಸ ಮಾಡುವವರಿಗೆ ಏನು ಪ್ರಯೋಜನ?

ತಯಾರಕರಲ್ಲಿ ನನ್ನ ಬೇಡಿಕೆ ಇಷ್ಟೇ: ಯಾವ ಗ್ಲೌಸ್, ಎಷ್ಟು ಹೊತ್ತಿಗೆ ಬದಲಾಯಿಸಬೇಕು ಅನ್ನುವುದನ್ನು ಕೆಲಸಗಾರರು ಓದುವ ಭಾಷೆಯಲ್ಲಿ, ಡಬ್ಬದ ಮೇಲೇ ದೊಡ್ಡದಾಗಿ ಹಾಕಿ. ಮಾಲೀಕರು ನಲ್ಲಿ ಪಕ್ಕ ಸೋಪು ಇಡಲಿ. ಕೈಗೆ ಹತ್ತಿದ ಎಣ್ಣೆ ಪೇಂಟ್ ಹಸಿಯಾಗಿದ್ದಾಗಲೇ ಸ್ವಲ್ಪ ಅಡುಗೆ ಎಣ್ಣೆ ತಿಕ್ಕಿ ಸೋಪು ಹಾಕಿದರೆ ಹೋಗುತ್ತದೆ, ಅದಕ್ಕೆ ಥಿನ್ನರ್ ಬೇಕಿಲ್ಲ.

ಇಂತಿ,
ನಿಮ್ಮ ಓದುಗ